ಕೆರೆ ಒಣಗಿದ ಮೇಲೂ ಜೌಗು ಮಣ್ಣನ್ನು ಗುರುತಿಸುವುದು ಹೇಗೆ?

ಮಳೆಗಾಲದಲ್ಲಿ ಜೌಗು ಎಲ್ಲಿದೆ ಎಂದು ಹೇಳಲು ಯಾರೂ ಬೇಕಿಲ್ಲ, ಎಮ್ಮೆಯೇ ಹೋಗಿ ಮಲಗಿ ತೋರಿಸುತ್ತದೆ. ಕಷ್ಟ ಶುರುವಾಗುವುದು ಮಾರ್ಚ್ ತಿಂಗಳಲ್ಲಿ. ಜಗಳೂರು, ಚಳ್ಳಕೆರೆ, ಹಿರಿಯೂರು ಕಡೆಯ ಎಷ್ಟೋ ಕೆರೆಗಳು ಆಗ ಬಯಲಾಗಿರುತ್ತವೆ. ಅಂಗಳದ ತುಂಬ ಬಳ್ಳಾರಿ ಜಾಲಿ, ಒಂದು ಮೂಲೆಯಲ್ಲಿ ಕುರಿಮಂದೆ, ನಡುವೆ ಹುಡುಗರ ಕ್ರಿಕೆಟ್ಟು. ಆ ಹೊತ್ತಿಗೆ ಯಾರಾದರೂ ಬಂದು "ಇಲ್ಲಿ ಯಾವಾಗ ನೀರು ನಿಂತಿತ್ತು ಸ್ವಾಮಿ, ಸುಮ್ನೆ ಬೀಳು ಜಾಗ" ಎಂದರೆ, ಸಾಕ್ಷಿ ಹೇಳಲು ಉಳಿದಿರುವುದು ಮಣ್ಣೊಂದೇ.

ಆದರೆ ಚಿತ್ರದುರ್ಗ, ದಾವಣಗೆರೆ ಎಂಬ ನಮ್ಮ ಎರಡು ಜಿಲ್ಲೆಗಳ ಎರಡು ಮುಖ್ಯ ಮಣ್ಣುಗಳೂ ಸಾಕ್ಷಿಕಟ್ಟೆಯಲ್ಲಿ ಸುಳ್ಳಾಡುತ್ತವೆ. ಎರೆ ಮಣ್ಣು ನೀರು ನಿಲ್ಲದ ಜಾಗದಲ್ಲೂ ಜೌಗಿನಂತೆ ಕಪ್ಪಗೆ ಕಾಣುತ್ತದೆ. ಕೆಂಪು ಮಣ್ಣು ವರ್ಷ ವರ್ಷ ನೀರಲ್ಲಿ ನೆನೆದರೂ ಬಣ್ಣ ಬಿಟ್ಟುಕೊಡಲು ಸತಾಯಿಸುತ್ತದೆ. ಈ ಎರಡು ಸುಳ್ಳನ್ನು ಹಿಡಿಯುವುದು ಕಲಿತರೆ ಮುಕ್ಕಾಲು ಕೆಲಸ ಮುಗಿದಂತೆ. ಅದಕ್ಕೆ ಒಂದೇ ಉಪಾಯ: ಎಲ್ಲಿ ಅಗೆದರೂ ಎರಡು ಗುಂಡಿ ಅಗೆಯಿರಿ. ಒಂದು ಅನುಮಾನದ ತಗ್ಗಿನಲ್ಲಿ, ಇನ್ನೊಂದು ಅದೇ ಮಣ್ಣಿನ ದಿಣ್ಣೆಯಲ್ಲಿ.

ಮಣ್ಣಿನೊಳಗೆ ಆಗುವುದೇನು

ಮಣ್ಣಿಗೆ ಕೆಂಪು, ಕಂದು, ಹಳದಿ ಬಣ್ಣ ಬರುವುದು ಬಹುಪಾಲು ತುಕ್ಕಿನಿಂದ. ಮರಳು, ಜೇಡಿಯ ಕಣಗಳ ಮೇಲೆ ಕಬ್ಬಿಣದ ಆಕ್ಸೈಡಿನ ತೆಳು ಲೇಪ ಇರುತ್ತದೆ. ಮಣ್ಣಿನ ಸಂದುಗಳಲ್ಲಿ ನೀರು ತುಂಬಿ ನಿಂತರೆ ಮೇಲಿನ ಗಾಳಿ ಒಳಗೆ ಇಳಿಯುವುದಿಲ್ಲ. ಒಳಗಿದ್ದಷ್ಟು ಆಮ್ಲಜನಕವನ್ನು ಸೂಕ್ಷ್ಮಾಣುಗಳು, ನಮ್ಮ ಸೆಖೆಗೆ, ಕೆಲವೇ ದಿನಗಳಲ್ಲಿ ಮುಗಿಸಿಬಿಡುತ್ತವೆ. ಆಮೇಲೆ ಉಸಿರಾಟಕ್ಕೆ ನೈಟ್ರೇಟನ್ನು ಹಿಡಿಯುತ್ತವೆ. ಅದು ತೀರಿದರೆ ಮ್ಯಾಂಗನೀಸ್, ನಂತರ ಕಬ್ಬಿಣ, ನಂತರ ಸಲ್ಫೇಟ್. ಎಲ್ಲ ತೀರಿದ ಮೇಲೆ ಏಳುವುದು ಮೀಥೇನ್. ಕೆರೆಯ ಕೆಸರಿಗೆ ಕೋಲು ಚುಚ್ಚಿದರೆ ಬುಳುಬುಳು ಬರುವ ಗುಳ್ಳೆಗಳಲ್ಲಿ ಅದಿರುತ್ತದೆ.

ನಮಗೆ ಬೇಕಾದದ್ದು ಕಬ್ಬಿಣದ ಸರದಿ. ಗಾಳಿಯಿಲ್ಲದ ಕಡೆ ತುಕ್ಕು ಕರಗಿ ನೀರಿನ ಜೊತೆ ಜರುಗುತ್ತದೆ. ಲೇಪ ಕಳೆದುಕೊಂಡ ಮಣ್ಣು ಬೂದು ಬಣ್ಣಕ್ಕೆ ತಿರುಗುತ್ತದೆ. ಕರಗಿದ ಕಬ್ಬಿಣ ಸ್ವಲ್ಪ ಗಾಳಿ ಸಿಕ್ಕಿದ ಕಡೆ, ಅಂದರೆ ಬೇರಿನ ಸುತ್ತ, ಬಿರುಕಿನ ಅಂಚಿಗೆ, ಹುಳು ಕೊರೆದ ದಾರಿಯಲ್ಲಿ, ಮತ್ತೆ ತುಕ್ಕಾಗಿ ಕೂರುತ್ತದೆ. ಬೂದು ನೆಲದ ಮೇಲೆ ಕಿತ್ತಳೆ ಚುಕ್ಕಿ, ಕಿತ್ತಳೆ ಗೆರೆ: ಜೌಗು ಮಣ್ಣಿನ ರುಜು ಇದು.

ಈ ರುಜು ಬೀಳಲು ನೀರೊಂದೇ ಸಾಲದು. ಸೂಕ್ಷ್ಮಾಣುಗಳಿಗೆ ತಿನ್ನಲು ಕೊಳೆತ ಬೇರು, ಸೊಪ್ಪು ಬೇಕು, ಕಾಲವೂ ಬೇಕು. 1907ರಲ್ಲಿ ಕಟ್ಟಿ ಮುಗಿದ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಹರಿದದ್ದು 2022ರಲ್ಲಿ, 89 ವರ್ಷದ ನಂತರ. ಆ ವರ್ಷ ಹಿನ್ನೀರಿನ ತುತ್ತತುದಿಯಲ್ಲಿ ಮುಳುಗಿದ ಹೊಲವನ್ನೂ, ಪ್ರತಿ ವರ್ಷ ನೀರು ಕಾಣುವ ಕೆಳಗಿನ ಅಂಗಳವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಒಂದು ಸಲ ಮುಳುಗಿದ ಮಾತ್ರಕ್ಕೆ ಹೊಲದ ಮಣ್ಣು ಜೌಗು ಮಣ್ಣಾಗುವುದಿಲ್ಲ.

ಕಟ್ಟಿಕೊಂಡು ಹೋಗಬೇಕಾದ ಸಾಮಾನು

ಗುದ್ದಲಿ, ಹಾರೆ, ಚಪ್ಪಟೆ ಬಾಯಿಯ ಸಲಿಕೆ, ಹಳೇ ಅಡುಗೆ ಚಾಕು, ಟೇಪು, ನೀರು ಚಿಮುಕಿಸುವ ಸ್ಪ್ರೇ ಬಾಟಲಿ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರ, ಹಾಸಲು ಬಿಳಿ ಗೊಬ್ಬರದ ಚೀಲ, ನೋಟ್‌ಬುಕ್ಕು. ಮಣ್ಣಿನ ಬಣ್ಣವನ್ನು ಹೋಲಿಸಿ ನೋಡುವ ಮನ್ಸೆಲ್ ಬಣ್ಣದ ಪುಸ್ತಕ ಸಿಕ್ಕಿದರೆ ಒಳ್ಳೆಯದು. ಬೆಲೆ ದುಬಾರಿ, ಕೃಷಿ ಕಾಲೇಜು, ಮಣ್ಣು ಸಮೀಕ್ಷೆಯವರ ಹತ್ತಿರ ಇರುತ್ತದೆ. ಇಲ್ಲದಿದ್ದರೆ ಕೆಲಸ ನಿಲ್ಲಿಸಬೇಕಿಲ್ಲ, ಎರಡು ಗುಂಡಿಯ ಹೋಲಿಕೆಯೇ ಅರ್ಧ ಪುಸ್ತಕ. ಮೊಬೈಲ್ ಫೋಟೊ ನಂಬಬೇಡಿ. ಕ್ಯಾಮೆರಾ ತನ್ನಿಷ್ಟಕ್ಕೆ ಬಣ್ಣ ತಿದ್ದುತ್ತದೆ. ತೆಗೆಯಲೇಬೇಕೆಂದರೆ ಚೌಕಟ್ಟಿನೊಳಗೆ ಒಂದು ಬಿಳಿ ಹಾಳೆಯನ್ನೂ ಸೇರಿಸಿ.

ಹೋಗುವ ಮುಂಚೆ ಜಾಗ ಯಾರದೆಂದು ವಿಚಾರಿಸಿ, ಒಪ್ಪಿಗೆ ಕೇಳಿ. ಕೆರೆ ಅಂಗಳದಲ್ಲಿ ಗುದ್ದಲಿ ಹಿಡಿದು ನಿಂತವರನ್ನು ಊರವರು ನಿಧಿಗಳ್ಳರೆಂದೋ ಒತ್ತುವರಿದಾರರೆಂದೋ ತಿಳಿಯುವುದು ಸಹಜ.

ಕಾಲ: ದೀಪಾವಳಿಯಿಂದ ಸಂಕ್ರಾಂತಿಯವರೆಗೆ ಬಲು ಚೆನ್ನ. ನೀರು ಹಿಂದೆ ಸರಿಯುತ್ತಿರುತ್ತದೆ, ಮಣ್ಣು ಇನ್ನೂ ಹಸಿ, ಗುದ್ದಲಿ ಇಳಿಯುತ್ತದೆ. ಏಪ್ರಿಲ್‌ನಲ್ಲಿ ಎರೆ ಅಗೆಯುವುದೆಂದರೆ ಸಿಮೆಂಟು ಒಡೆದಂತೆ.

ಗುಂಡಿ ಎಲ್ಲಿ, ಎಷ್ಟು

ಕೆರೆ ಅಂಗಳದ ತಗ್ಗಿನಿಂದ ದಿಣ್ಣೆಯ ಕಡೆಗೆ ಒಂದು ನೇರ ಗೆರೆ ಹಿಡಿದು ನಡೆಯಿರಿ. ಕಾಲ ಕೆಳಗಿನ ಗಿಡ ಬದಲಾಗುವ ಕಡೆ ನಿಲ್ಲಿ. ಆಪು, ಜೇಕಿನಂಥ ನೀರಂಚಿನ ಹುಲ್ಲು ಮುಗಿದು ಗರಿಕೆ ಶುರುವಾಗುವ ಜಾಗ ಗಡಿ ಇರಬಹುದಾದ ಜಾಗ. ಅದರ ಕೆಳಗೊಂದು, ಮೇಲೊಂದು, ದೂರದ ದಿಣ್ಣೆಯಲ್ಲೊಂದು ಗುಂಡಿ ಹಾಕಿ. ಎರಡೇ ಹಾಕುವುದಾದರೆ ನಡುವಿನದನ್ನು ಬಿಡಿ. ಏರಿಯ ಬುಡ, ಜೆಸಿಬಿ ಹೂಳೆತ್ತಿದ ಹೊಂಡ, ಕಾಲುವೆ ತೋಡಿದ ಮಣ್ಣು ಸುರಿದ ಜಾಗ ಬೇಡ. ಅಲ್ಲಿ ಮಣ್ಣಿನ ಪದರಗಳು ತಲೆಕೆಳಗಾಗಿರುತ್ತವೆ.

ಆಳ 50 ಸೆಂ.ಮೀ. ಸಾಕು, ಸುಮಾರು ಒಂದೂವರೆ ಅಡಿಗಿಂತ ತುಸು ಹೆಚ್ಚು. ನೋಡಬೇಕಾದದ್ದು ಮುಖ್ಯವಾಗಿ ಮೇಲಿನ 30 ಸೆಂ.ಮೀ., ಬೇರು ಉಸಿರಾಡುವ ಭಾಗ. ಒಂದು ಬದಿಯ ಗೋಡೆಯನ್ನು ನೆಟ್ಟಗೆ ಇಡಿ, ಬಿಸಿಲು ಬೀಳುವ ಬದಿ. ಸಲಿಕೆಯ ಏಟಿಗೆ ಮಣ್ಣು ಮೆತ್ತಿ ಬಣ್ಣ ಮುಚ್ಚಿಹೋಗಿರುತ್ತದೆ, ಆದ್ದರಿಂದ ಚಾಕುವಿನ ತುದಿಯಿಂದ ಮೇಲಿನಿಂದ ಕೆಳಕ್ಕೆ ಗೋಡೆಯನ್ನು ಕೆದಕಿ, ತಾನಾಗಿ ಒಡೆದ ಮುಖ ಕಾಣುವಂತೆ ಮಾಡಿ. ಟೇಪನ್ನು ಗೋಡೆಗೆ ಚುಚ್ಚಿ ನಿಲ್ಲಿಸಿ. ಹತ್ತು ಹತ್ತು ಸೆಂ.ಮೀ.ಗೆ ಒಂದೊಂದು ಹೆಂಟೆ ತೆಗೆದು ಬಿಳಿ ಚೀಲದ ಮೇಲೆ ಸಾಲಾಗಿ ಇಡಿ.

ಅಗೆದ ತಕ್ಷಣ ಮೂಗು ಹತ್ತಿರ ತನ್ನಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಸರದಿ ಸಲ್ಫೇಟಿನವರೆಗೂ ಹೋಗಿದೆ ಎಂದರ್ಥ. ಅದಕ್ಕಿಂತ ಬಲವಾದ ಸಾಕ್ಷಿ ಇನ್ನೊಂದಿಲ್ಲ. ಬೇಗ ಹಾರಿಹೋಗುವ ವಾಸನೆ ಅದು. ಬೀಡಿ ಹಚ್ಚಿಕೊಂಡು ಅಗೆಯುವವರಿಗೆ ಸಿಗುವುದಿಲ್ಲ. ನಮ್ಮ ಕಡೆ ಅಪರೂಪವೂ ಹೌದು, ಚರಂಡಿ ನೀರು ಸೇರುವ ಪಟ್ಟಣದ ಅಂಚಿನ ಕೆರೆಗಳನ್ನು ಬಿಟ್ಟರೆ.

ಬಣ್ಣ ನೋಡುವ ಪದ್ಧತಿ

ಹೆಂಟೆಯನ್ನು ಕೈಯಲ್ಲಿ ಮುರಿಯಿರಿ, ಚಾಕುವಿನಲ್ಲಿ ಕತ್ತರಿಸಬೇಡಿ. ಮುರಿದ ಮುಖಕ್ಕೆ ನೀರು ಚಿಮುಕಿಸಿ. ಬಣ್ಣ ಗಾಢವಾಗುತ್ತಾ ಹೋಗಿ ಒಂದು ಹಂತದಲ್ಲಿ ಇನ್ನು ಬದಲಾಗದೆ ನಿಲ್ಲುತ್ತದೆ, ಅದು ಸರಿಯಾದ ಹಸಿ. ಮೇಲ್ಮೈ ಮಿರಮಿರ ಹೊಳೆದರೆ ನೀರು ಹೆಚ್ಚಾಯಿತು, ಸ್ವಲ್ಪ ಆರಲು ಬಿಡಿ. ಸೂರ್ಯ ನಿಮ್ಮ ಬೆನ್ನ ಹಿಂದೆ ಇರಲಿ. ತಂಪು ಕನ್ನಡಕ ತೆಗೆಯಿರಿ. ಮುಂಜಾನೆ, ಸಂಜೆಯ ಬೆಳಕಿನಲ್ಲಿ ಎಲ್ಲ ಮಣ್ಣೂ ಕೆಂಪಗೇ ಕಾಣುತ್ತದೆ; ಹತ್ತು ಗಂಟೆಯಿಂದ ಮೂರು ಗಂಟೆಯೊಳಗೆ ಈ ಕೆಲಸ ಮುಗಿಸಿ.

ಮನ್ಸೆಲ್ ಪುಸ್ತಕದಲ್ಲಿ ಪ್ರತಿ ಬಣ್ಣಕ್ಕೆ ಮೂರು ಗುರುತು. ಉದಾಹರಣೆಗೆ 10 ವೈಆರ್ 5/2. ಮೊದಲನೆಯದು ವರ್ಣ, ಅಂದರೆ ಕೆಂಪಿಗೆ ಹತ್ತಿರವೋ ಹಳದಿಗೆ ಹತ್ತಿರವೋ; ವೈಆರ್ ಎಂದರೆ ಹಳದಿ-ಕೆಂಪು. ಎರಡನೆಯದು ಬೆಳಕು, 5 ಎಂದರೆ ನಡುಮಟ್ಟ. ಮೂರನೆಯದು ಕ್ರೋಮಾ, ಅಂದರೆ ಬಣ್ಣದ ಕಸುವು. ಜೌಗು ನೋಡುವವರ ಕಣ್ಣೆಲ್ಲ ಈ ಮೂರನೆಯ ಅಂಕಿಯ ಮೇಲೆ. ಕ್ರೋಮಾ 2 ಅಥವಾ ಅದಕ್ಕಿಂತ ಕಡಿಮೆ ಎಂದರೆ ಮಣ್ಣು ತುಕ್ಕನ್ನು ಬಿಟ್ಟುಕೊಟ್ಟು ಬೂದಾಗಿದೆ ಎಂಬ ಅನುಮಾನ. ಪುಸ್ತಕದ ಕೊನೆಯಲ್ಲಿ ಹಸಿರು, ನೀಲಿ ಛಾಯೆಯ ಬೂದು ಬಣ್ಣಗಳಿಗೇ ಬೇರೆ ಪುಟಗಳಿವೆ. ಹೆಂಟೆ ಅಲ್ಲಿಗೆ ಹೊಂದಿದರೆ ಬಹುಕಾಲ ನೀರಡಿ ಇದ್ದ ಮಣ್ಣು. ಅಂಥ ಹೆಂಟೆಯನ್ನು ಮುರಿದು ಅರ್ಧ ಗಂಟೆ ಗಾಳಿಗೆ ಬಿಟ್ಟು ನೋಡಿ. ಕೆಲವೊಮ್ಮೆ ಹಸಿರು ಬೂದು ಹೋಗಿ ಕಂದು ಛಾಯೆ ಏರುತ್ತದೆ, ಕರಗಿದ್ದ ಕಬ್ಬಿಣ ನಿಮ್ಮ ಕಣ್ಣೆದುರೇ ತುಕ್ಕು ಹಿಡಿಯುತ್ತದೆ.

ಅಮೆರಿಕದಲ್ಲಿ ಸಮೀಕ್ಷೆಯವರು ಬಳಸುವ ನಿಯಮಗಳಲ್ಲಿ ಒಂದು ನಮಗೂ ಉಪಯೋಗಕ್ಕೆ ಬರುತ್ತದೆ: ನೆಲದಿಂದ 25 ಸೆಂ.ಮೀ.ಯೊಳಗೆ ಶುರುವಾಗಿ ಕನಿಷ್ಠ 15 ಸೆಂ.ಮೀ. ದಪ್ಪದ ಪದರ, ಅದರ ಶೇ. 60 ಅಥವಾ ಹೆಚ್ಚು ಭಾಗ ಕ್ರೋಮಾ 2ರೊಳಗಿನ ಬೂದು, ಬೆಳಕು 4 ಅಥವಾ ಮೇಲೆ, ಬೂದು ಅಷ್ಟೇನೂ ತಿಳಿಯಾಗಿರದಿದ್ದರೆ ಜೊತೆಗೆ ಶೇ. 2ಕ್ಕೆ ಕಡಿಮೆಯಿಲ್ಲದ ತುಕ್ಕಿನ ಚುಕ್ಕಿ. ಶೇ. 2 ಎಂದರೆ ಎಷ್ಟು? ಬೆಂಕಿಪೊಟ್ಟಣದ ಮೇಲೆ ಮೂರು ನಾಲ್ಕು ಅಕ್ಕಿಕಾಳು ಚೆಲ್ಲಿದಷ್ಟು. ಅವರ ನೆಲ ನೋಡಿ ಬರೆದ ನಿಯಮ ಇದು, ನಮ್ಮ ಎರೆ ಹೊಲದಲ್ಲಿ ಕಣ್ಣುಮುಚ್ಚಿ ಅನ್ವಯಿಸಿದರೆ ಮುಖಭಂಗ ಖಂಡಿತ.

ಎರೆ ಹೇಳುವ ಸುಳ್ಳು

ಮುಖಭಂಗ ನನಗೇ ಆಗಿದೆ. ಹೊಸದಾಗಿ ಈ ಕೆಲಸ ಕಲಿತ ವರ್ಷ, ಜಗಳೂರು ಕಡೆಯ ಒಂದು ಹೊಲದಲ್ಲಿ ಗುಂಡಿ ತೋಡಿದೆ. ಮೇಲಿನಿಂದ ಕೆಳಗಿನವರೆಗೂ ಕಡುಗಪ್ಪು, ಕ್ರೋಮಾ 1. ಹಳೇ ಕೆರೆ ಅಂಗಳವೇ ಇರಬೇಕೆಂದು ನೋಟ್‌ಬುಕ್ಕಿನಲ್ಲಿ ಬರೆದೂ ಆಯಿತು. ಬದುವಿನ ಮೇಲೆ ಕೂತಿದ್ದ ಅಜ್ಜ ಒಂದಷ್ಟು ಹೊತ್ತು ನೋಡಿ ಕೇಳಿದ: "ಏನ್ ಬರ್ಕಂತೀರಿ ಸ್ವಾಮಿ?" ಹೇಳಿದೆ. "ನಮ್ಮಪ್ಪನ ಕಾಲ್ದಿಂದ ಇಲ್ಲಿ ಹತ್ತಿ, ಬಿಳಿಜೋಳ ಬೆಳಿತೈತಿ. ಎರಿ ಹೊಲ ಎಲ್ಲಿ ಅಗದ್ರೂ ಕರೀನೇ. ಆ ಎತ್ರದಾಗೂ ಅಗದು ನೋಡ್ರಿ." ಎತ್ತರದಲ್ಲಿ ಅಗೆದೆ. ಅಲ್ಲೂ ಕಡುಗಪ್ಪು, ಕ್ರೋಮಾ 1. ಎರಡು ಗುಂಡಿಯ ಪಾಠ ನನಗೆ ಹೇಳಿಕೊಟ್ಟದ್ದು ಪುಸ್ತಕವಲ್ಲ, ಆ ಅಜ್ಜ.

ಎರೆಯ ಕಪ್ಪು ಅದರ ಹುಟ್ಟುಗುಣ. ಉಬ್ಬಿ ಕುಗ್ಗುವ ಜೇಡಿಗೆ ಸ್ವಲ್ಪವೇ ಸಾವಯವ ಅಂಶ ಗಟ್ಟಿಯಾಗಿ ಅಂಟಿಕೊಂಡರೂ ಮಣ್ಣೆಲ್ಲ ಕಪ್ಪಾಗುತ್ತದೆ. ಹಾಗಾಗಿ ಎರೆಯಲ್ಲಿ ಕಪ್ಪನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ. ಹೆಂಟೆಯ ಮುಖ ಕನ್ನಡಿಯಂತೆ ನುಣುಪಾಗಿ ಗೀರುಗಳೊಡನೆ ಹೊಳೆದರೆ ಅದೂ ಜೌಗಿನ ಗುರುತಲ್ಲ. ಮಣ್ಣು ಉಬ್ಬುವಾಗ ಒಂದರ ಮೇಲೊಂದು ಉಜ್ಜಿ ಆದ ಹೊಳಪು. ಸುಣ್ಣದ ಹರಳು ತುಂಬಿದ ಮಣ್ಣಿನಲ್ಲಿ ಕಬ್ಬಿಣ ಸುಲಭವಾಗಿ ಕರಗುವುದಿಲ್ಲ, ಆದ್ದರಿಂದ ನಿಜವಾದ ಜೌಗಿನಲ್ಲೂ ಚುಕ್ಕಿಗಳು ಮಸುಕು.

ಹಾಗಾದರೆ ಏನು ನೋಡಬೇಕು? ಮಸೂರ ಹಿಡಿದು ಬೇರು ಹುಡುಕಿ. ಜೇಕಿನ, ಆಪಿನ ಬೇರು ಹಾದ ಸಣ್ಣ ಕೊಳವೆಯ ಒಳಗೋಡೆಗೆ ತುಕ್ಕು ಬಳಿದಿರುತ್ತದೆ, ಕಪ್ಪು ಬಟ್ಟೆಗೆ ಕಿತ್ತಳೆ ದಾರದಲ್ಲಿ ಹೊಲಿಗೆ ಹಾಕಿದ ಹಾಗೆ. ಎರಡನೆಯದು ಸಾಸಿವೆ ಗಾತ್ರದ ಮೆತ್ತನೆಯ ಕಪ್ಪು, ಕಂದು ಗಂಟುಗಳು. ಉಗುರಿನಲ್ಲಿ ಹಿಸುಕಿದರೆ ಮಸಿಯಂತೆ ಹರಡುತ್ತವೆ. ಔಷಧಿ ಅಂಗಡಿಯ ಹೈಡ್ರೋಜನ್ ಪೆರಾಕ್ಸೈಡ್ ಒಂದು ಹನಿ ಬಿಟ್ಟಾಗ ಗಂಟು ಸುತ್ತಲಿನ ಮಣ್ಣಿಗಿಂತ ರಭಸವಾಗಿ ನೊರೆ ಎಬ್ಬಿಸಿದರೆ ಮ್ಯಾಂಗನೀಸ್. ಮೂರನೆಯದು ಬಿರುಕಿನ ಎರಡೂ ಕಡೆ ಎಳೆದಂತೆ ಕಾಣುವ ಬೂದು ಪಟ್ಟಿ. ದಿಣ್ಣೆಯ ಗುಂಡಿಯಲ್ಲಿ ಇವು ಇಲ್ಲದೆ ತಗ್ಗಿನ ಗುಂಡಿಯಲ್ಲಿ ಮಾತ್ರ ಇದ್ದರೆ ನಂಬಿ.

ಕೆಂಪು ಮಣ್ಣಿನ ಹಟ

ಹೊಳಲ್ಕೆರೆ, ಹೊಸದುರ್ಗದ ಕೆಂಪು ನೆಲದಲ್ಲಿ ತೊಂದರೆ ಉಲ್ಟಾ. ಅಲ್ಲಿನ ಕಡುಗೆಂಪು ಹೆಮಟೈಟ್ ಎಂಬ ಕಬ್ಬಿಣದ ಖನಿಜದ್ದು, ಚಿಟಿಕೆಯಷ್ಟಿದ್ದರೂ ಮಣ್ಣೆಲ್ಲ ಕೆಂಪು, ಹೋಳಿಗೆಯಲ್ಲಿ ಅರಿಶಿನ ಇದ್ದ ಹಾಗೆ. ಅದು ಪೂರ್ತಿ ಕರಗುವವರೆಗೂ ಬೂದು ಕಾಣಿಸಿಕೊಳ್ಳುವುದಿಲ್ಲ. ಆದರೆ ಕರಗುವಾಗ ಮೊದಲು ಹೋಗುವುದು ಈ ಕೆಂಪು ಖನಿಜ, ಹಳದಿ ಬಣ್ಣದ ಗೋಥೈಟ್ ಹಿಂದೆ ಉಳಿಯುತ್ತದೆ. ಹೀಗಾಗಿ ಕೆಂಪು ನೆಲದಲ್ಲಿ ಗೆರೆ ಹಿಡಿದು ನಡೆದರೆ ದಿಣ್ಣೆ ಕೆಂಪು, ಇಳಿಜಾರು ಹಳದಿ, ತಗ್ಗು ಬೂದು ಎಂಬ ಮೂರು ಮೆಟ್ಟಿಲು ಕಾಣುತ್ತವೆ. ಹಳದಿಯ ಮೆಟ್ಟಿಲಿಗೆ ಬಂದಾಗಲೇ ಎಚ್ಚರವಾಗಿ, ಜೌಗಿನ ಗಡಿ ಹತ್ತಿರ ಬಂತು.

ಇಲ್ಲಿಯೂ ಬೇರಿನ ದಾರಿಯೇ ಗತಿ, ಆದರೆ ಚಿತ್ರ ತಿರುವುಮುರುವು. ಸತ್ತ ಬೇರು ಕೊಳೆತ ಕೊಳವೆಯ ಸುತ್ತ ಕೆಂಪು ಹೋಗಿ ತಿಳಿ ಬೂದಿನ ಬಳೆ ಇರುತ್ತದೆ, ಬಳೆಯ ಹೊರಗೆ ಮಾಮೂಲಿ ಕೆಂಪು. ಕೊಳೆಯುವ ಬೇರು ಸೂಕ್ಷ್ಮಾಣುಗಳಿಗೆ ಊಟ, ಊಟ ಇದ್ದ ಕಡೆ ತುಕ್ಕು ಕರಗಿದೆ.

ಹಳ್ಳದ ಮರಳಿನ ವಿಷಯ ಹೆಚ್ಚು ಹೇಳುವುದಿಲ್ಲ. ವೇದಾವತಿಯ ಮರಳು ಪ್ರತಿ ಪ್ರವಾಹಕ್ಕೂ ಹೊಸದು, ಅದರಲ್ಲಿ ಗುರುತು ಮೂಡಲು ಪುರುಸೊತ್ತೇ ಇಲ್ಲ.

ಗದ್ದೆ, ಗೋಡು, ಚೌಳು

ಭದ್ರಾ ಅಚ್ಚುಕಟ್ಟಿನ ಹರಿಹರ, ಮಲೇಬೆನ್ನೂರು ಕಡೆಯ ಭತ್ತದ ಗದ್ದೆ ಅಗೆದರೆ ಮೇಲಿನ ಒಂದು ಗೇಣು ಪಠ್ಯಪುಸ್ತಕದ ಜೌಗು: ಬೂದು ಮಣ್ಣು, ಭತ್ತದ ಬೇರಿನ ಸುತ್ತ ಕಿತ್ತಳೆ ತುಕ್ಕು. ಇನ್ನೂ ಕೆಳಗೆ ಅಗೆಯಿರಿ. ಕೆಸರು ಗದ್ದೆ ತುಳಿದು ಗಟ್ಟಿಯಾದ ಪದರದ ಅಡಿಗೆ ಮಣ್ಣು ಮತ್ತೆ ತನ್ನ ಮೂಲ ಬಣ್ಣಕ್ಕೆ ಮರಳಿದರೆ, ಅದು ಕಾಲುವೆ ನೀರು ಮೇಲಿನಿಂದ ಮಾಡಿದ ಜೌಗು. ಬೂದು ಕೆಳಗೆ ಕೆಳಗೆ ಹೆಚ್ಚಾಗುತ್ತಾ ಹೋದರೆ ಅಂತರ್ಜಲವೇ ಮೇಲೆ ಬಂದಿದೆ, ಬಸಿಗಾಲುವೆ ಹೂತುಹೋಗಿದೆಯೇ ನೋಡಿ.

ಗೋಡಿನ, ಅಂದರೆ ಕೆರೆಯ ಹೂಳಿನ, ಮೋಸ ನಮ್ಮ ಕಡೆಯ ವಿಶೇಷ. ಚನ್ನಗಿರಿ, ಭೀಮಸಮುದ್ರ ಕಡೆಯ ಅಡಿಕೆ ತೋಟಗಳಿಗೆ ಕೆರೆ ಗೋಡು ಹೊಡೆಸುವುದು ಹಳೇ ರೂಢಿ. ಕೆಂಪು ನೆಲದ ಮೇಲೆ ಬೂದು ಗೋಡು, ಅದರೊಳಗೆ ಕೆರೆಯಲ್ಲಿದ್ದಾಗ ಆದ ತುಕ್ಕಿನ ಚುಕ್ಕಿ, ಕೆಲವು ಸಲ ಗುಬ್ಬಚ್ಚಿ ಉಗುರಿನಷ್ಟು ಬಸವನಹುಳದ ಚಿಪ್ಪು. ಗೋಡಿಗೂ ಕೆಳಗಿನ ಮಣ್ಣಿಗೂ ನಡುವಿನ ಗೆರೆ ಚಾಕುವಿನಲ್ಲಿ ಕೊಯ್ದಷ್ಟು ನೇರ. ಟ್ರ್ಯಾಕ್ಟರಿನಲ್ಲಿ ಬಂದ ಮಣ್ಣಿನ ಸಾಕ್ಷಿ ಆ ಜಾಗಕ್ಕೆ ಸಲ್ಲದು.

ಚೌಳು ನೆಲದ ಬಿಳಿ ಪೊರೆ ಕಂಡರೆ ಇಷ್ಟು ತಿಳಿಯಿರಿ: ಕೆಳಗಿನ ನೀರು ಮೇಲೇರಿ ಆವಿಯಾಗಿ ಉಪ್ಪು ಬಿಟ್ಟಿದೆ. ನೀರಿನ ಮಟ್ಟ ಹತ್ತಿರವಿರಬಹುದು, ಮೇಲ್ಮಣ್ಣು ಜೌಗು ಎಂದು ಅಷ್ಟರಿಂದಲೇ ಹೇಳಲಾಗದು. ಕರಲು, ಅಂದರೆ ಸೋಡಿಯಂ ಹೆಚ್ಚಿರುವ ಕ್ಷಾರ ಮಣ್ಣಿನ ಮೇಲಿನ ಎಣ್ಣೆಗಪ್ಪು ಪೊರೆಯೂ ಕೊಳೆತ ಸೊಪ್ಪಿನದಲ್ಲ, ಸೋಡಿಯಂ ಕರಗಿಸಿ ತಂದ ಸಾವಯವ ಅಂಶ.

ನಿಂತ ನೀರಿನ ಮೇಲೆ ಕಾಮನಬಿಲ್ಲಿನ ಪೊರೆ ಕಂಡರೆ ಕಡ್ಡಿಯಿಂದ ಕಲಕಿ. ಹಂಚಿನ ಚೂರಿನಂತೆ ಒಡೆದು ಬೇರೆ ಬೇರೆಯಾಗಿಯೇ ಉಳಿದರೆ ಕಬ್ಬಿಣದ ಬ್ಯಾಕ್ಟೀರಿಯಾದ ಪೊರೆ, ಒಳ್ಳೆಯ ಗುರುತು. ತಿರುಗಿ ಕೂಡಿಕೊಂಡರೆ ಪಂಪಿನ ಡೀಸೆಲ್ಲು.

ಹಳೇ ಗುರುತೋ, ಈಗಿನದೋ

ತುಕ್ಕಿನ ಚುಕ್ಕಿ ಸಾವಿರ ವರ್ಷವಾದರೂ ಉಳಿಯಬಲ್ಲದು. ಕೆರೆ ಒಡೆದು ಎಷ್ಟೋ ತಲೆಮಾರಾದ ಜಾಗದಲ್ಲೂ ಸಿಗುತ್ತದೆ. ಚುಕ್ಕಿಯ ಅಂಚು ನೋಡಿ. ಇಂಗುಕಾಗದದ ಮೇಲೆ ಶಾಯಿ ಹರಡಿದಂತೆ ಅಂಚು ಮಸುಕಾಗಿ ಮಣ್ಣಿನೊಳಗೆ ಕರಗಿಹೋಗಿದ್ದರೆ ಈಗಲೂ ಕೆಲಸ ನಡೆಯುತ್ತಿದೆ. ಗಟ್ಟಿ, ದುಂಡನೆ, ನುಣುಪು, ಕೈಗೆ ಬಿಡಿಸಿ ಬರುವ ಹರಳಾದರೆ ಹಳೆಯದು. ಹೊಳೆ ಬೇರೆ ಕಡೆಯಿಂದ ತಂದು ಹಾಕಿದ್ದೂ ಇರಬಹುದು. ಜೀವಂತ ಬೇರಿನ ಸುತ್ತಲ ತುಕ್ಕಿಗೆ ಮಾತ್ರ ತಕರಾರಿಲ್ಲ, ಬೇರಿನ ವಯಸ್ಸೇ ಅದರ ವಯಸ್ಸು.

ಖಾತ್ರಿಗೆ ಒಂದು ಕಂಬಿ

ಪ್ರಯೋಗಾಲಯದವರು ಆಲ್ಫಾ-ಆಲ್ಫಾ ಡೈಪಿರಿಡಿಲ್ ಎಂಬ ದ್ರಾವಣ ಬಳಸುತ್ತಾರೆ. ಕರಗಿದ ಕಬ್ಬಿಣ ಇದ್ದರೆ ಹನಿ ಬಿದ್ದ ಜಾಗ ಗುಲಾಬಿಯಾಗುತ್ತದೆ. ವಿಷ, ಕೈಗವಸು ಬೇಕು. ಸಲಿಕೆ ತಾಗಿದ ಮುಖಕ್ಕೆ ಹಾಕಿದರೆ ಸಲಿಕೆಯ ಕಬ್ಬಿಣಕ್ಕೇ ಗುಲಾಬಿ ಬರಬಹುದು, ಆದ್ದರಿಂದ ಕೈಯಲ್ಲಿ ಮುರಿದ ಹೊಸ ಮುಖಕ್ಕೇ ಹಾಕಬೇಕು. ಒಣಮಣ್ಣಿನಲ್ಲಿ ಬಣ್ಣ ಬರಲಿಲ್ಲವೆಂದರೆ ಏನೂ ಸಾಬೀತಾಗುವುದಿಲ್ಲ.

ನನಗೆ ಇಷ್ಟವಾದದ್ದು ಕಂಬಿಯ ವಿಧಾನ. ಸಿಮೆಂಟ್ ಅಂಗಡಿಯಿಂದ 6 ಮಿ.ಮೀ. ಕಬ್ಬಿಣದ ಕಂಬಿ ತಂದು, ಒಂದೊಂದು ಮೀಟರಿಗೆ ಕತ್ತರಿಸಿ, ಸ್ಯಾಂಡ್‌ಪೇಪರಿನಲ್ಲಿ ಫಳಫಳ ಉಜ್ಜಿ. ಮಳೆ ಹಿಡಿದ ಮೇಲೆ ತಗ್ಗಿನಲ್ಲಿ ಮೂರು, ದಿಣ್ಣೆಯಲ್ಲಿ ಮೂರು ನೆಟ್ಟಗೆ ಹೂತು, ಒಂದೆರಡು ತಿಂಗಳು ಬಿಟ್ಟು ಕೀಳಿ. ಗಾಳಿಯಿದ್ದ ಆಳದವರೆಗೆ ಕಂಬಿ ಕಂದು ತುಕ್ಕು ಹಿಡಿದಿರುತ್ತದೆ, ಗಾಳಿಯಿಲ್ಲದ ಕಡೆ ಮಂಕು ಬೂದಾಗಿ ಉಳಿದಿರುತ್ತದೆ. ಎಲ್ಲಿ ತುಕ್ಕು ನಿಂತಿತೋ ಅಲ್ಲಿಗೆ ಟೇಪು ಹಿಡಿದು ಬರೆದುಕೊಳ್ಳಿ. ಮೂರು ನೆಡುವುದು ಏಕೆಂದರೆ ಎರಡನ್ನು ಗುಜರಿಗೆ ಹಾಕುವವರು ಇದ್ದೇ ಇರುತ್ತಾರೆ.

ಬರೆದಿಡುವಾಗ

ಗುಂಡಿಯ ಜಾಗ, ತಾರೀಕು, ಹಿಂದಿನ ತಿಂಗಳ ಮಳೆ, ಗುಂಡಿಯಲ್ಲಿ ನೀರು ಒಸರಿದ್ದರೆ ಎಷ್ಟು ಆಳದಲ್ಲಿ, ಪ್ರತಿ ಪದರದ ಬಣ್ಣ, ಚುಕ್ಕಿಯ ಪ್ರಮಾಣ, ಅಂಚು. ತೀರ್ಮಾನವನ್ನು ಬೇರೆ ಪುಟದಲ್ಲಿ ಬರೆಯಿರಿ. ಕಂಡದ್ದನ್ನೂ ಅಂದುಕೊಂಡದ್ದನ್ನೂ ಬೆರೆಸಬೇಡಿ. ಜೌಗು ಮಣ್ಣು ಎಂದು ಸಾಬೀತಾದರೂ ಕಾನೂನಿನ ಕಣ್ಣಿಗೆ ಅದು ಜೌಗುಪ್ರದೇಶವಾಗಲೇಬೇಕೆಂದಿಲ್ಲ. ಕೇಂದ್ರದ 2017ರ ಜೌಗುಪ್ರದೇಶ ನಿಯಮಗಳು ನದಿಪಾತ್ರ, ಭತ್ತದ ಗದ್ದೆ, ಕುಡಿಯುವ ನೀರಿಗೆ ಕಟ್ಟಿದ ಕೆರೆ, ನೀರಾವರಿಗೆಂದೇ ಮಾಡಿದ ಕಟ್ಟಡಗಳನ್ನು ಹೊರಗಿಟ್ಟಿವೆ. ನಮ್ಮ ಕೆರೆಗಳಲ್ಲಿ ಹೆಚ್ಚಿನವು ಯಾರೋ ಒಬ್ಬರು ನೀರಾವರಿಗೆ ಕಟ್ಟಿಸಿದವೇ ಆದ್ದರಿಂದ ಈ ವಾದ ಬಂದೇ ಬರುತ್ತದೆ. ಕೆರೆ ಉಳಿಸಿಕೊಳ್ಳಲು ಕೊಡುವ ಅರ್ಜಿಗೆ ನೀವು ಲಗತ್ತಿಸುವುದು ಮಣ್ಣಿನ ವರದಿ ಮಾತ್ರ ಎಂಬುದು ನೆನಪಿರಲಿ.

ಹೊರಡುವ ಮುಂಚೆ ಗುಂಡಿ ಮುಚ್ಚಿ. ಕೊನೆಗೆ ತೆಗೆದ ಮಣ್ಣು ಮೊದಲು, ಮೇಲ್ಮಣ್ಣು ಕೊನೆಗೆ, ಗೇಣು ಗೇಣಿಗೂ ಕಾಲಿನಲ್ಲಿ ತುಳಿದು. ಎರೆಯಾದರೆ ಒಂದು ಬಾಂಡ್ಲಿಯಷ್ಟು ಗುಪ್ಪೆಯಾಗಿ ಬಿಡಿ, ಮಳೆಗೆ ಕುಸಿಯುತ್ತದೆ. ಸಂಜೆ ಕುರಿಮಂದೆ ಅದೇ ಅಂಗಳದಲ್ಲಿ ಹಾದುಹೋಗುತ್ತದೆ, ಮರಿಗಳು ಮುಂದೆ ಓಡುತ್ತವೆ.